ಸವಳು-ಜವಳು ಹೊಲಕ್ಕ ನೀರು ಬಸಿಬೇಕಂತೀವಿ, ಪೀಟ್ ನೆಲದಾಗ ಕಾಲುವಿ ಮುಚ್ಚಬೇಕಂತಾರ. ನಮಗ ಯಾವುದು ಖರೆ?

ಹೊಳಿದಂಡಿ (ಕಾಗವಾಡ ತಾಲೂಕು):

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಉಗಾರ ಕಡೆ, ಕೃಷ್ಣಾ ಹೊಳಿ ದಂಡಿಗೆ 4 ಎಕರೆ ಎರಿ ಹೊಲ. ಅಜ್ಜನ ಕಾಲಕ್ಕ ಬಿಳಿಜ್ವಾಳ, ಕಡ್ಲಿ ಬೆಳೀತಿದ್ರು. ಹೊಳಿಗೆ ಪಂಪ್ ಕೂಡಿಸಿದ ಮ್ಯಾಲ ಕಬ್ಬು ಬಂತು, ಕಬ್ಬು ಬಂದ ಮ್ಯಾಲ ವರ್ಷಪೂರ್ತಿ ನೀರು. ಈಗ ಹೊಲದ ಕೆಳಗಿನ ಮಗ್ಗಲು ಪೂರಾ ಸವಳು-ಜವಳು ಆಗೇತಿ. ಶಿವರಾತ್ರಿ ಮುಗಿಯೂದ್ರಾಗ ಮಣ್ಣಿನ ಮ್ಯಾಲ ಬೆಳ್ಳಗ ಉಪ್ಪು ಏಳತೈತಿ. ಕಬ್ಬು ಮೊಣಕಾಲಮಟ ಬಂದು, ಸುಳಿ ಹಳದಿ ಆಗಿ ಅಲ್ಲೇ ನಿಂತಬಿಡತೈತಿ. ತೀರಾ ತಗ್ಗಿನ ಮೂಲ್ಯಾಗಂತೂ ಜೇಕು, ಆಪು ಬಿಟ್ರ ಮತ್ತೇನೂ ಇಲ್ಲ. ಅಲ್ಲಿ ನೀರಕೋಳಿ, ಬೆಳ್ಳಕ್ಕಿ ಬರ್ತಾವು.

ನಮ್ಮ ಬಾಜೂ ಹೊಲದವರೆಲ್ಲಾ ಕೂಡಿ, ನೆಲದೊಳಗ ತೂತಿನ ಪೈಪ್ ಹಾಕಿಸಿ ನೀರು ಬಸದು ಬಿಡೂಣು ಅಂತ ಮಾತಾಡೇವಿ. ಖರ್ಚ ಭಾಳ ಐತಿ, ಆದ್ರ ಹೊಲ ಹಿಂಗ ಬಿಟ್ರ ಮುಂದಿನವರಿಗೆ ಏನೂ ಉಳಿಯಂಗಿಲ್ಲ.

ಇಷ್ಟರಾಗ ಮಗಳು ಬೆಳಗಾವಿಯಿಂದ ಬಂದ್ಲು. ಬಿ.ಎಸ್ಸಿ. ಓದಾಕತ್ತಾಳ. ಕಾಲೇಜಿನಾಗ ಪೀಟ್ ನೆಲದ ಮ್ಯಾಲ, ಅಂದ್ರ ನೀರಿನಾಗ ಪೂರಾ ಕೊಳೀದ ಗಿಡಗಂಟಿ ಕೂಡಿ ಆದ ನೆಲದ ಮ್ಯಾಲ, ಸೆಮಿನಾರ್ ಕೊಡೂದೈತಿ ಅಂತ ಓದ್ಕೊಂತ ಕುಂತಿದ್ಲು. ಪೈಪಿನ ಸುದ್ದಿ ಕೇಳಿದಾಕೀನ, "ಅಪ್ಪಾ, ಜವುಗು ನೆಲದ ನೀರು ಬಸದ್ರ ಅದರೊಳಗಿನ ಇಂಗಾಲ ಗಾಳಿಗೆ ಹೋಗತೈತಿ, ಹವಾಮಾನ ಕೆಡತೈತಿ. ಜಗತ್ತಿನಾಗ ಎಲ್ಲಾ ಕಡೆ ಅಂಥಾ ಕಾಲುವಿ ಮುಚ್ಚಾಕತ್ತಾರ, ನೀ ಹೊಸಾದು ತೋಡಾಕ ಹೊಂಟಿ" ಅಂದ್ಲು. ಆಕಿ ಮನಸಿಟ್ಟು ಕೇಳ್ಯಾಳ, ನಾನೂ ಮನಸಿಟ್ಟು ಉತ್ತರ ಕೊಡಬೇಕು. ನಮ್ಮ ಜವಳು ನೆಲ, ಆ ಪೀಟ್ ನೆಲ, ಎರಡೂ ಒಂದೇ ಏನ್ರಿ? ನಮ್ಮ ಪೈಪಿನಿಂದ ಅಂಥಾ ಹಾನಿ ಐತೇನು? ಬೆಳಗಾವಿ, ಬಾಗಲಕೋಟಿ, ವಿಜಾಪುರ ಕಡೆ ಎಲ್ಲೆರೆ ಪೀಟ್ ಐತೇನು? ಮಣ್ಣಿಗೇ ಬೆಂಕಿ ಹತ್ತಿ ತಿಂಗಳಗಟ್ಟಲೆ ಉರೀತೈತಿ ಅಂತ ಆಕಿ ಓದಿ ಹೇಳಿದ್ಲು, ಅದು ನನಗ ನಂಬಾಕ ಆಗವಲ್ದು. ಇನ್ನೊಂದು ಮಾತು. ನಮ್ಮೂರಾಗ ಪಾಲಿಹೌಸ್ ಮಾಡಿದವರು ಡಬ್ಬು ಮೆಣಸಿನಕಾಯಿ ಸಸಿಗೆ "ಪೀಟ್ ಮಾಸ್" ಅಂತ ಪರದೇಶದ ಚೀಲ ತರಸ್ತಾರ. ಅದಕ್ಕೂ ಇದಕ್ಕೂ ಸಂಬಂಧ ಐತೇನು?

ತಿಳದವರು ಹೇಳ್ರಿ.

ಮಣ್ಣಿನ ಲ್ಯಾಬ್ (ಗೋಕಾಕ):

ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ಮೇಲ್ಮಣ್ಣು ಒಂದೇ ಸಾಲದು. ಒಂದು ಅಡಿ, ಎರಡು ಅಡಿ, ಮೂರು ಅಡಿ ಆಳದ್ದು ಬೇರೆ ಬೇರೆ ತೆಗೆದು ಕೊಡಿರಿ. ಇಸಿ (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) 4ಕ್ಕಿಂತ ಮೇಲಿದ್ದರೆ ಅದು ಸವಳು, ಅಂದರೆ ಕರಗುವ ಉಪ್ಪಿನ ತೊಂದರೆ. ಪಿಎಚ್ 8.5 ದಾಟಿ, ವಿನಿಮಯ ಸೋಡಿಯಂ (ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ) ಶೇ 15ಕ್ಕಿಂತ ಹೆಚ್ಚಿದ್ದರೆ ಅದು ಕ್ಷಾರ. ಬರೀ ಸವಳಾದರೆ ಒಳ್ಳೆಯ ನೀರು ಹಾಯಿಸಿ ತೊಳೆದರೆ ಉಪ್ಪು ಪೈಪಿನಿಂದ ಹೊರಗೆ ಹೋಗುತ್ತದೆ. ಕ್ಷಾರ ಇದ್ದರೆ ಜಿಪ್ಸಂ ಹಾಕದೆ ತೊಳೆಯಬಾರದು, ಎರೆಮಣ್ಣು ಇನ್ನಷ್ಟು ಗಟ್ಟಿಯಾಗಿ ನೀರು ಇಳಿಯುವುದೇ ನಿಲ್ಲುತ್ತದೆ. ಪೈಪ್ ಹಾಕಿಸುವ ಮೊದಲು ಇದು ಗೊತ್ತಿರಬೇಕು.

ವರದಿಯಲ್ಲಿ ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತದೆ. ಮಗಳಿಗೆ ಅದನ್ನು ತೋರಿಸಿರಿ. ನಮ್ಮ ಎರೆ ಹೊಲಗಳಲ್ಲಿ ಅದು ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಆಸುಪಾಸು. ಪೀಟ್ ಎನ್ನಬೇಕಾದರೆ ಒಣಗಿಸಿದ ತೂಕದಲ್ಲಿ ಕನಿಷ್ಠ ಶೇ 30 ಸಸ್ಯದ ಅಂಶವೇ ಇರಬೇಕು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ತೇರದಾಳದವ:

ಮಗಳು ಕೇಳಿದ್ದು ಸರಿಯಾದ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ. ನಾನು ಸಿವಿಲ್ ಇಂಜಿನಿಯರ್. ಇಂಡೋನೇಷ್ಯಾದ ಸುಮಾತ್ರಾ ದ್ವೀಪ, ರಿಯಾವು ಪ್ರಾಂತ್ಯದಲ್ಲಿ ಒಂದು ತಾಳೆ ಎಣ್ಣೆ ತೋಟದಲ್ಲಿ ಕಾಲುವೆಗಳ ನೀರಿನ ಮಟ್ಟ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಆ ತೋಟ ನಿಂತಿದ್ದು ಪೀಟ್ ನೆಲದ ಮೇಲೆ.

ಅಲ್ಲಿ ನೆಲ ಅಗೆದರೆ ಮಣ್ಣು ಸಿಗೋದಿಲ್ಲ. ಕಂದು ಬಣ್ಣದ ನೆನೆದ ನಾರು, ಎಲೆಯ ಚೂರು, ಅರ್ಧ ಕೊಳೆತ ಬೇರು, ಕೆಲವೊಮ್ಮೆ ಇಡೀ ಮರದ ಬೊಡ್ಡೆ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಿಂದ ಕಂದು ನೀರು ಇಳಿದು, ಕೈಯಲ್ಲಿ ಉಳಿಯೋದು ಸ್ವಲ್ಪವೇ. ತೂತು ಕೊರೆದು ಹತ್ತು ಮೀಟರ್ ಕೆಳಗೆ ಹೋದರೂ ಕೆಲವು ಕಡೆ ಅದೇ. ಒಂದು ಕಲ್ಲಿಲ್ಲ, ಉಸುಕಿಲ್ಲ. ಅದೆಲ್ಲಾ ಸಾವಿರಾರು ವರ್ಷಗಳ ಕಾಡಿನ ಉದುರೆಲೆ. ಅಲ್ಲಿ ವರ್ಷಪೂರ್ತಿ ನೀರು ನಿಂತಿರುತ್ತದೆ, ನೀರಿನೊಳಗೆ ಆಮ್ಲಜನಕ ಇಲ್ಲ, ಆದ್ದರಿಂದ ಬಿದ್ದ ಎಲೆಯನ್ನು ಸೂಕ್ಷ್ಮಜೀವಿಗಳು ಪೂರ್ತಿ ತಿಂದು ಮುಗಿಸಲಾಗದು. ಎಣ್ಣೆಯೊಳಗೆ ಮುಳುಗಿದ ಮಾವಿನಕಾಯಿ ಹೋಳು ವರ್ಷಗಟ್ಟಲೆ ಕೆಡದೆ ಉಳಿಯುವುದು, ಎಣ್ಣೆಯಿಂದ ಮೇಲೆ ಬಂದ ಹೋಳಿಗೆ ಬೂಸು ಹಿಡಿಯುವುದು ನಮ್ಮ ಮನೆಯಲ್ಲೇ ನೋಡಿರ್ತೀವಲ್ಲ, ಅದೇ ಲೆಕ್ಕ. ಪೀಟ್ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಕೂಡುತ್ತದೆ. ಹತ್ತು ಮೀಟರ್ ಆಗಲು ಎಷ್ಟು ವರ್ಷ ಬೇಕು ಅಂತ ಮಗಳೇ ಲೆಕ್ಕ ಹಾಕಲಿ.

ಇಂಥ ನೆಲ ಇಡೀ ಭೂಮಿಯ ಮೇಲೆ ಸುಮಾರು ಶೇ 3 ಮಾತ್ರ. ಆದರೆ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ.

ಈಗ ಕಾಲುವೆ ಮಾತು. ತಾಳೆ ಮರಕ್ಕೆ, ಅಕೇಶಿಯಾಕ್ಕೆ ಬೇರು ನೆನೆದರೆ ಆಗೋದಿಲ್ಲ. ಕಾಲುವೆ ತೋಡಿ ನೀರು ಇಳಿಸಿದರು. ನೀರು ಇಳಿದಷ್ಟೂ ಗಾಳಿ ಒಳಗೆ ಹೋಯಿತು, ಸಾವಿರಾರು ವರ್ಷ ಕೊಳೆಯದೆ ಇದ್ದದ್ದು ಕೊಳೆಯತೊಡಗಿತು, ಇಂಗಾಲದ ಡೈಆಕ್ಸೈಡ್ ಆಗಿ ಮೇಲೆ ಹೋಯಿತು. ನೆಲವೇ ಗಾಳಿಗೆ ಹೋದಾಗ ನೆಲ ಕೆಳಗಿಳಿಯದೆ ಇನ್ನೇನು? ಅದನ್ನು ಅಳೆಯಲಿಕ್ಕೆ ಕೆಳಗಿನ ಗಟ್ಟಿ ಜೇಡಿಮಣ್ಣಿನವರೆಗೆ ಒಂದು ಪೈಪ್ ಹೊಡೆದು ನಿಲ್ಲಿಸಿರ್ತಾರೆ. ಪೈಪ್ ಅಲ್ಲೇ ಇರುತ್ತದೆ, ನೆಲ ಇಳಿಯುತ್ತದೆ. ಕಾಲುವೆ ತೋಡಿದ ಮೊದಲ ಐದು ವರ್ಷಗಳಲ್ಲಿ ಸುಮಾರು ಒಂದೂವರೆ ಮೀಟರ್, ಆಮೇಲೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್. ತಾಳೆ ಮರಗಳು ಬೇರು ಹೊರಗೆ ಬಿದ್ದು ಒಂದೊಂದು ದಿಕ್ಕಿಗೆ ವಾಲಿಕೊಂಡಿರುತ್ತವೆ. ನೆಲ ಇಳಿದ ಹಾಗೆ ಮತ್ತೆ ನೀರು ಬೇರಿಗೆ ಹತ್ತಿರ ಬರುತ್ತದೆ, ಮತ್ತೆ ಕಾಲುವೆ ಆಳ ಮಾಡ್ತಾರೆ, ಮತ್ತೆ ನೆಲ ಇಳಿಯುತ್ತದೆ. ಕೊನೆಗೆ ಹೊಳೆ, ಸಮುದ್ರದ ಮಟ್ಟಕ್ಕೆ ಬಂದು ಮುಟ್ಟಿದರೆ ನೀರು ಹೊರಗೆ ಹರಿಯೋದೇ ಇಲ್ಲ. ಒಬ್ಬ ಇಂಜಿನಿಯರ್ ಆಗಿ ನನಗೆ ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಮಗಳ ಸೆಮಿನಾರಿಗೆ ಒಂದು ಚಿತ್ರ ಬೇಕಾದರೆ ಇಂಗ್ಲೆಂಡಿನ ಹೋಮ್ ಫೆನ್ ಅಂತ ಹುಡುಕಲಿ. 1851ರ ಸುಮಾರಿಗೆ ಅಲ್ಲಿಯ ಸರೋವರ ಬತ್ತಿಸಿದಾಗ ನೆಲಕ್ಕೆ ಸಮನಾಗಿ ಹುಗಿದ ಕಬ್ಬಿಣದ ಕಂಬ ಇವತ್ತು ನೆಲದಿಂದ ಸುಮಾರು ನಾಲ್ಕು ಮೀಟರ್ ಮೇಲಿದೆ. ಕಂಬ ಬೆಳೆದಿಲ್ಲ.

ಬೆಂಕಿ ನಂಬಲಿಕ್ಕೆ ಆಗವಲ್ದು ಅಂದಿರಿ. ನಾವು ಕಬ್ಬಿನ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚಿದರೆ ಭರ್ರನೆ ಉರಿದು ಅರ್ಧ ತಾಸಿನಲ್ಲಿ ಮುಗಿಯುತ್ತದೆ, ಕೆಳಗಿನ ಎರೆಮಣ್ಣಿಗೆ ಬೆಂಕಿ ಹತ್ತೋದಿಲ್ಲ, ಯಾಕಂದರೆ ಅದು ಜೇಡಿ. ಪೀಟ್ ಒಣಗಿದರೆ ಅದೇ ಉರುವಲು. ಜ್ವಾಲೆ ಕಾಣೋದಿಲ್ಲ. ನೆಲದೊಳಗೆ ಕುಮುಲುತ್ತಾ ಹೋಗುತ್ತದೆ, ಇಲ್ಲಿ ಆರಿತು ಅಂದರೆ ಸ್ವಲ್ಪ ಆಚೆ ಹೊಗೆ ಏಳುತ್ತದೆ. ಮೇಲಿನಿಂದ ನೀರು ಹೊಡೆದರೆ ಸಾಲದು. ದೊಡ್ಡ ಮಳೆ ಬಂದು ನೆಲದೊಳಗಿನ ನೀರಿನ ಮಟ್ಟವೇ ಮೇಲೆ ಬರುವ ತನಕ ಅದು ನಿಲ್ಲೋದಿಲ್ಲ. ಆ ಹೊಗೆಯ ವಾಸನೆ ಬಟ್ಟೆಗೆ ಹತ್ತಿದರೆ ತೊಳೆದರೂ ಹೋಗೋದಿಲ್ಲ.

1990ರ ದಶಕದ ನಡುವೆ ಅಧ್ಯಕ್ಷ ಸುಹಾರ್ತೋ ಕಾಲದಲ್ಲಿ ಇಂಡೋನೇಷ್ಯಾದ ಬೋರ್ನಿಯೋ ಭಾಗದಲ್ಲಿರುವ ಮಧ್ಯ ಕಾಲಿಮಂತಾನ್‌ನಲ್ಲಿ ಸುಮಾರು 10 ಲಕ್ಷ ಹೆಕ್ಟೇರ್ ಪೀಟ್ ನೆಲದಲ್ಲಿ ಭತ್ತ ಬೆಳೀತೀವಿ ಅಂತ 4,000 ಕಿಲೋಮೀಟರ್‌ಗೂ ಮೀರಿ ಕಾಲುವೆ ತೋಡಿದರು. ಭತ್ತ ಬಂದಿದ್ದು ಇಲ್ಲವೆನ್ನುವಷ್ಟು. ಒಣಗಿದ ನೆಲ ಮಾತ್ರ ಉಳಿಯಿತು. 1997ರಲ್ಲಿ ಎಲ್ ನಿನೋ ಬಂತು, ಮಳೆ ತಡವಾಯಿತು. ಆ ವರ್ಷ ಇಂಡೋನೇಷ್ಯಾದ ಬೆಂಕಿಯಿಂದ ಹೊರಬಿದ್ದ ಇಂಗಾಲವನ್ನು ವಿಜ್ಞಾನಿಗಳು ಅಂದಾಜು ಮಾಡಿದ್ದು, ಇಡೀ ಜಗತ್ತು ಒಂದು ವರ್ಷ ಕಲ್ಲಿದ್ದಲು-ಪೆಟ್ರೋಲು ಸುಟ್ಟಾಗ ಬರುವುದರ ಶೇ 13ರಿಂದ 40. 2015ರಲ್ಲಿ ಮತ್ತೆ ಎಲ್ ನಿನೋ, 26 ಲಕ್ಷ ಹೆಕ್ಟೇರ್ ಸುಟ್ಟಿತು, ಸಿಂಗಾಪುರ, ಮಲೇಷ್ಯಾದಲ್ಲೂ ಶಾಲೆ ಮುಚ್ಚಿದರು. ಬರ ಯಾವಾಗಲೂ ಇತ್ತು. ನೀರು ತುಂಬಿದ ಪೀಟ್ ಕಾಡು ಬರವನ್ನು ತಡೆದುಕೊಂಡು ಬಂದಿತ್ತು. ಬಸಿದ ಪೀಟ್ ತಡೆಯಲಿಲ್ಲ. ಹವಾಮಾನ ಬದಲಾಗಿ ಬಿಸಿಲು, ಒಣಗಾಲ ಜೋರಾಗುವ ಈ ದಿನಗಳಲ್ಲಿ ಪೀಟಿನ ನೀರು ಕಾಯುವುದು ಅದಕ್ಕೇ ಮುಖ್ಯ.

ಸರಿಪಡಿಸೋದು ಹೇಗೆ ಅಂದರೆ, ಕಾಲುವೆಗೆ ಅಡ್ಡಗಟ್ಟೆ. ಕೇಳಲಿಕ್ಕೆ ಸುಲಭ. ಪೀಟ್ ನೆಲ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ. ಒಂದೇ ದೊಡ್ಡ ಗಟ್ಟೆ ಕಟ್ಟಿದರೆ ಅದರ ಹಿಂದೆ ಸ್ವಲ್ಪ ದೂರ ಮಾತ್ರ ನೆನೆಯುತ್ತದೆ, ಮೇಲಿನದು ಒಣಗೇ ಇರುತ್ತದೆ. ಅಲ್ಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಗಟ್ಟೆಗಳೇ ಬೇಕು. ಅದರ ಬುಡದಲ್ಲೂ ಮಗ್ಗುಲಲ್ಲೂ ಪೀಟ್ ನೀರು ಬಿಟ್ಟುಕೊಡುತ್ತದೆ, ಎಷ್ಟು ಗಟ್ಟಿ ಕಟ್ಟಿದರೂ ಪಕ್ಕದಿಂದ ಕೊರೆದುಕೊಂಡು ಹೋಗುತ್ತದೆ. ಊರಿನ ಜನಕ್ಕೆ ಕಾಲುವೆಯೇ ರಸ್ತೆ, ದೋಣಿ ಹೋಗಬೇಕು. ದೋಣಿಗೆ ದಾರಿ ಬಿಡದೆ ಕಟ್ಟಿದ ಗಟ್ಟೆಯನ್ನು ರಾತ್ರಿ ಯಾರೋ ಒಡೀತಾರೆ. ಅವರನ್ನು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಗುವನ್ನು ಶಾಲೆಗೆ ಬಿಡಲು ದೋಣಿ ಬೇಕಾದವನು ಏನು ಮಾಡಬೇಕು? ಊರವರನ್ನು ಕೂಡಿಸಿಕೊಂಡು ಕಟ್ಟಿದ ಕಡೆ ಗಟ್ಟೆ ಉಳಿದಿವೆ. ರಿಯಾವುವಿನ ಮೆರಾಂತಿ ದ್ವೀಪಗಳಲ್ಲಿ ಸುಂಗೈ ತೊಹೊರ್ ಅಂತ ಊರಿದೆ. ಅಲ್ಲಿ ಜನರ ಬದುಕು ಸಾಗೋ ಮರದ ಮೇಲೆ. ಬೊಡ್ಡೆಯೊಳಗಿನ ಹಿಟ್ಟು ತೆಗೆದು ಉಣ್ಣುತ್ತಾರೆ, ಮಾರುತ್ತಾರೆ. ಸಾಗೋಗೆ ನೆನೆದ ನೆಲವೇ ಬೇಕು. ಹೊರಗಿನವರು ತೋಡಿದ ಕಾಲುವೆಯಿಂದ ಸಾಗೋ ಒಣಗಿದಾಗ ಜನರೇ ಗಟ್ಟೆ ಕಟ್ಟಲು ನಿಂತರು. 2014ರಲ್ಲಿ ಅಧ್ಯಕ್ಷ ಜೋಕೋ ವಿದೋದೋ ಆ ಊರಿಗೇ ಬಂದು ಒಂದು ಕಾಲುವೆಗೆ ಗಟ್ಟೆ ಹಾಕುವ ಕೆಲಸಕ್ಕೆ ಕೈಹಚ್ಚಿದರು. 2016ರಲ್ಲಿ ಪೀಟ್ ಪುನರುಜ್ಜೀವನಕ್ಕೆಂದೇ ಒಂದು ಸಂಸ್ಥೆ ಆಯಿತು, ತೋಟಗಳಲ್ಲಿ ನೀರಿನ ಮಟ್ಟ ನೆಲದಿಂದ 40 ಸೆಂಟಿಮೀಟರ್‌ಗಿಂತ ಕೆಳಗೆ ಇಳಿಯಬಾರದು ಅಂತ ನಿಯಮವೂ ಮಾಡಿದ್ದಾರೆ. 40 ಸೆಂಟಿಮೀಟರ್ ಅಂದರೂ ಪೀಟ್ ಕರಗುವುದು ನಿಲ್ಲೋದಿಲ್ಲ, ನಿಧಾನ ಆಗುತ್ತದೆ ಅಷ್ಟೇ.

ಈಗ ನಿಮ್ಮ ಹೊಲ. ಪೈಪ್ ಹಾಕಿಸಿರಿ. ನಿಮ್ಮ ನೆಲ ಎರೆಮಣ್ಣು, ಜೇಡಿ, ಖನಿಜದ ನೆಲ. ಲ್ಯಾಬಿನವರು ಹೇಳಿದ ಅರ್ಧ ಪರ್ಸೆಂಟ್ ಇಂಗಾಲದಲ್ಲಿ ನೀರು ಇಳಿಸಿದರೆ ನೆಲ ಕರಗಿ ಹೋಗೋದಿಲ್ಲ. ಅಲ್ಲಿ ನೀರು ನಿಂತದ್ದು ಸಾವಿರ ವರ್ಷದಿಂದ ಅಲ್ಲ, ನಮ್ಮ ಕಬ್ಬಿನ ನೀರಾವರಿಯಿಂದ ಒಂದೆರಡು ತಲೆಮಾರಿನಲ್ಲಿ. ಕೆಳಗಿನ ನೀರು ಮೇಲೆ ಬಂದು, ಬಿಸಿಲಿಗೆ ಆರಿ, ಉಪ್ಪು ಬಿಟ್ಟು ಹೋಗಿದೆ. ಸತ್ತ ಹೊಲ ಮತ್ತೆ ಬೆಳೆ ಕಂಡರೆ, ಬೇರು ಹೋದರೆ, ರವದಿ ಸುಡದೆ ಹೊಲಕ್ಕೇ ಬಿಟ್ಟರೆ, ಮಣ್ಣಿನ ಇಂಗಾಲ ಏರುತ್ತದೆಯೇ ಹೊರತು ಇಳಿಯೋದಿಲ್ಲ. "ನೀರು ಬಸಿಯೋದು ಕೆಟ್ಟದ್ದು" ಅನ್ನೋ ಮಾತನ್ನು ಯಾವ ನೆಲ ಅಂತ ನೋಡದೆ ಒಪ್ಪಬೇಡಿರಿ, "ಬಸಿದರೆ ನೆಲ ಸುಧಾರಿಸುತ್ತದೆ" ಅನ್ನೋದನ್ನೂ ಹಾಗೇ ಒಪ್ಪಬೇಡಿರಿ. ಎರಡನೆಯದನ್ನು ಹಾಗೆ ಒಪ್ಪಿಕೊಂಡೇ ಕಾಲಿಮಂತಾನ್ ಹಾಳಾಗಿದ್ದು.

ಆದರೆ ಎರಡು ಮಾತು ಕೇಳಿರಿ. ಪೈಪಿನಿಂದ ಬರುವ ಉಪ್ಪುನೀರು ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ, ಹಳ್ಳದಿಂದ ಕೃಷ್ಣೆಗೆ. ನಾವು ತೇರದಾಳ, ಜಮಖಂಡಿಯವರು ನಿಮ್ಮ ಕೆಳಗಿದ್ದೀವಿ. ಬೇಸಿಗೆಯಲ್ಲಿ ಹೊಳೆ ಸಣ್ಣಗಾದಾಗ ತೊಳೆಯಬೇಡಿರಿ, ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ತೊಳೆಯಿರಿ. ಇನ್ನೊಂದು, ಆ ಜೇಕು-ಆಪಿನ ಮೂಲೆ. ತೀರಾ ತಗ್ಗಿನಲ್ಲಿದ್ದರೆ ಅಲ್ಲಿ ಕಬ್ಬು ಬರಿಸಲು ಹಣ ಸುರಿಯುವುದು ದಂಡ. ಅದು ಹಾಗೇ ಇರಲಿ. ಪೈಪ್ ಹಾಕಿ ಮತ್ತೆ ಮೊದಲಿನಷ್ಟೇ ನೀರು ಹಾಯಿಸಿದರೆ ಆ ಪೈಪೂ ಸಾಕಾಗೋದಿಲ್ಲ. ಡ್ರಿಪ್ ಹಾಕಿಸಲೇಬೇಕು.

ನಮ್ಮ ಮೂರು ಜಿಲ್ಲೆಗಳಲ್ಲಿ ಪೀಟ್ ಕೂಡುವಂಥ ಹವೆ ಅಲ್ಲ. ಕಣಕುಂಬಿ, ಜಾಂಬೋಟಿ ಕಡೆ ಮಳೆ ಹೊಡೆಯುತ್ತದೆ ನಿಜ, ಆದರೆ ಅದು ನಾಲ್ಕು ತಿಂಗಳ ಮಳೆ. ಆಮೇಲೆ ಒಣಗುತ್ತದೆ, ಬಿದ್ದ ಎಲೆ ಕೊಳೆತು ಮುಗಿಯುತ್ತದೆ. ನಮಗೆ ಸಮೀಪ ಅಂದರೆ ನೀಲಗಿರಿ. ಊಟಿ ಹತ್ತಿರ ಬೆಟ್ಟಗಳ ನಡುವಿನ ತಗ್ಗಿನಲ್ಲಿ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಯವರು ಆ ಪೀಟಿನ ಪದರಗಳಲ್ಲಿ ಇಂಗಾಲದ ಐಸೊಟೋಪ್ (ತೂಕ ಬೇರೆ ಬೇರೆ ಇರುವ ಇಂಗಾಲದ ರೂಪಗಳು) ಅಳೆದು, ಹಿಂದಿನ 20,000 ವರ್ಷಗಳಲ್ಲಿ ಅಲ್ಲಿ ಯಾವಾಗ ಮಳೆ ಚೆನ್ನಾಗಿತ್ತು, ಯಾವಾಗ ಒಣಗಾಲ ಇತ್ತು ಅಂತ 1993ರಲ್ಲಿ ಪ್ರಕಟಿಸಿದರು. ಪೀಟ್ ಅಗೆದು ಹಾಳು ಮಾಡಿದರೆ ಆ ದಾಖಲೆಯೂ ಹೋಗುತ್ತದೆ. ಕೇರಳದ ಕುಟ್ಟನಾಡಿನ ಕರಿ ನೆಲವೂ ಪೀಟ್ ಬೆರೆತದ್ದು. ಅದು ಒಣಗಿದರೆ ಒಳಗಿನ ಗಂಧಕಕ್ಕೆ ಗಾಳಿ ತಾಗಿ ಆಮ್ಲವಾಗಿ ಭತ್ತವನ್ನೇ ಸುಡುತ್ತದೆ.

ಸಸಿ ಅಕ್ಕ (ಹುಕ್ಕೇರಿ):

ಚೀಲದ ಪ್ರಶ್ನೆಗೆ ನಾನು ಹೇಳ್ತೀನಿ, ಯಾಕಂದ್ರ ನಮ್ಮದು ಸಸಿ ನರ್ಸರಿ. ಟೊಮ್ಯಾಟೊ, ಕೋಸು, ಚೆಂಡುಹೂ, ಡಬ್ಬು ಮೆಣಸಿನಕಾಯಿ ಎಲ್ಲಾ ಟ್ರೇನಾಗ ಬೆಳೆಸ್ತೀವಿ.

ಹೌದ್ರಿ, ಆ ಪೀಟ್ ಮಾಸ್ ಅಂದ್ರ ಅದೇ ಪೀಟ್. ಲಾಟ್ವಿಯಾ, ಲಿಥುವೇನಿಯಾ, ಎಸ್ಟೋನಿಯಾ, ಕೆನಡಾ ಇಂಥ ಥಂಡಿ ದೇಶಗಳಿಂದ ಬರತೈತಿ. ಅಲ್ಲಿ ಸ್ಫ್ಯಾಗ್ನಮ್ ಅನ್ನೂ ಪಾಚಿ ಕೂಡಿ ಆದ ಪೀಟ್. ತೆಗಿಬೇಕಾದ್ರ ಮೊದಲ ಕಾಲುವಿ ತೋಡಿ ನೀರು ಬಸೀತಾರ, ಮ್ಯಾಲಿನ ಪಾಚಿ ಕೆತ್ತಿ ಹಾಕ್ತಾರ, ಬಿಸಿಲಿಗೆ ಒಣಗಿಸಿ ಪದರ ಪದರ ಎತ್ತತಾರ. ತೇರದಾಳದ ಅಣ್ಣಾರು ಬರೆದದ್ದು ಓದಿದ ಮ್ಯಾಲ ಆ ಚೀಲ ನೋಡಿದ್ರ ನನಗ ಸಂಕಟ ಆಗತೈತಿ. ನಾವು ಮೂರು-ನಾಕು ವಾರದಾಗ ಬೆಳೆಸಿ ಕೊಡೂ ಸಸಿಗೆ ಸಾವಿರಾರು ವರ್ಷದ್ದು ಯಾಕ ಬೇಕು? ಐರ್ಲೆಂಡ್‌ನಾಗ ಪೀಟ್ ತೆಗೆಯೂದ ಕಸಬಾಗಿದ್ದ ಬೋರ್ಡ್ ನಾ ಮೋನಾ ಅನ್ನೂ ಸರಕಾರಿ ಕಂಪನಿನೂ 2021ರಾಗ ತೆಗೆಯೂದು ನಿಲ್ಲಿಸೇವಿ ಅಂತ ಹೇಳೇತಿ.

ನಮ್ಮ ಕಡೆ ಕೋಕೋಪೀಟ್ ಐತಲ್ರಿ. ಹೆಸರಿನಾಗ ಪೀಟ್ ಐತಿ, ಆದ್ರ ಅದು ತೆಂಗಿನ ನಾರು ತೆಗೆದಾಗ ಉಳಿಯೂ ಪುಡಿ. ಅರಸೀಕೆರೆ, ತಿಪಟೂರು ಕಡೆಯಿಂದ, ಪೊಳ್ಳಾಚಿಯಿಂದ ಬರತೈತಿ. 5 ಕಿಲೋ ಇಟ್ಟಿಗೆ ನೆನೆಸಿದ್ರ ಸುಮಾರು 70 ಲೀಟರ್ ಆಗತೈತಿ. ಪರದೇಶದ ಚೀಲದಾಗ ಎಲ್ಲಾ ತಯಾರಿ ಮಾಡಿಟ್ಟಿರ್ತಾರ, ಸುಣ್ಣ ಹಾಕಿ ಹುಳಿ ತಗದಿರ್ತಾರ, ಒಂದೇ ಸಮ ಇರತೈತಿ, ಅದಕ್ಕ ಪಾಲಿಹೌಸಿನವರು ಅದನ್ನ ಹಿಡೀತಾರ. ಕೋಕೋಪೀಟಿಗೆ ನಾವು ಮೈ ದಣಿಸಬೇಕು. ಅದರಾಗ ಪೊಟ್ಯಾಷಿಯಂ, ಸೋಡಿಯಂ ಉಪ್ಪು ಇರತೈತಿ. ಮೊದಲ ಸಾದಾ ನೀರಿನಾಗ ತೊಳೀಬೇಕು, ಆಮೇಲೆ ಕ್ಯಾಲ್ಷಿಯಂ ನೈಟ್ರೇಟ್ ನೀರಿನಾಗ ರಾತ್ರಿಪೂರ್ತಿ ನೆನೆಸಿ ಬಸದು, ಮತ್ತ ತೊಳದು ಇಸಿ 1ಕ್ಕಿಂತ ಕೆಳಗ ಬಂದ ಮ್ಯಾಲ ಟ್ರೇ ತುಂಬಬೇಕು. ಇದನ್ನ ಬಿಟ್ಟು ಹಂಗ ತುಂಬಿದ್ರ ಡಬ್ಬು ಮೆಣಸಿನಕಾಯಿ ಎಲಿ ಅಂಚು ಸುಡತಾವು, ಆಮೇಲೆ ಕೋಕೋಪೀಟ್ ಸರಿಯಿಲ್ಲ ಅಂತಾರ. ಸ್ವಲ್ಪ ಎರೆಹುಳ ಗೊಬ್ಬರ ಸೋಸಿ ಬೆರೆಸಿದ್ರ ಸಸಿ ಗಟ್ಟಿ ಬರತೈತಿ. ಪೀಟ್ ಮಾಸಿಗೆ ಒಂದು ದೋಷ ಐತಿ, ಅದು ಒಮ್ಮೆ ಪೂರಾ ಒಣಗಿದ್ರ ಮತ್ತ ನೀರು ಹಿಡಿಯಾಕ ತಕರಾರು ಮಾಡತೈತಿ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ದೊಡ್ಡ ತೊಂದರಿ. ಕೋಕೋಪೀಟ್ ಲಗೂನ ನೆನೀತೈತಿ.

ಬೆಳಗಾವಿ ಕಡೆ ಅಣಬಿ ಬೆಳೆಯೂರು ಇದ್ರ ಅವರಿಗೂ ಹೇಳ್ರಿ. ಹೊರದೇಶದಾಗ ಬಟನ್ ಅಣಬಿ ಮ್ಯಾಲ ಹೊದಿಸೂ ಮಣ್ಣಿಗೂ ಪೀಟ್ ಹಾಕ್ತಾರ. ನಮ್ಮ ದೇಶದಾಗ ಹಳೇ ಅಣಬಿ ಕಾಂಪೋಸ್ಟ್, ಕೋಕೋಪೀಟ್, ಕೊಳೆತ ತಿಪ್ಪಿಗೊಬ್ಬರದಾಗನ ಅದನ್ನ ಮಾಡ್ತಾರ. ಚಲೋ ಬರತೈತಿ.

ಹೊಳಿದಂಡಿ:

ಎಲ್ಲಾರದ್ದೂ ಮಗಳ ಮುಂದ ಓದಿ ತೋರಿಸಿದೆ. ಉಪ್ಪುನೀರು ಕೆಳಗಿನ ಊರಿಗೆ ಹೋಗತೈತಿ ಅನ್ನೂದು ನಮ್ಮ ಬಾಜೂದವರ ಮಾತಿನಾಗ ಬಂದೇ ಇರಲಿಲ್ಲ, ಮುಂದಿನ ಕೂಟದಾಗ ಅದನ್ನ ಮೊದಲ ಇಡತೇನಿ.

ಮಗಳದೊಂದು ಪ್ರಶ್ನೆ ಉಳದೈತಿ. ಕಾಲುವಿ ಮುಚ್ಚಿ ಪೀಟ್ ನೆಲ ಮತ್ತ ನೆನೆಸಿದ್ರ ಅದರಿಂದ ಮಿಥೇನ್ ಬರತೈತಂತ. ಮಿಥೇನ್ ಇಂಗಾಲದ ಡೈಆಕ್ಸೈಡ್‌ಕಿಂತ ಜೋರು ಬಿಸಿ ಮಾಡತೈತಲ್ಲ, ಹಂಗಾದ್ರ ಲಾಭ ಏನು ಅಂತ ಕೇಳ್ತಾಳ. ಯಾವಾಗಲೂ ನೀರು ತುಂಬೇ ಇದ್ರ ಪೀಟಿಗೆ ಚಲೋನ ಏನು ಅಂತನೂ ಕೇಳ್ತಾಳ.

ತೇರದಾಳದವ:

ನಿಮ್ಮ ಮಗಳು ಮುಂದೆ ಇದರಲ್ಲೇ ಎಂ.ಎಸ್ಸಿ. ಮಾಡಲಿ ಅಂತ ನನ್ನ ಆಸೆ.

ಮಿಥೇನ್ ಬರುತ್ತದೆ, ಅದು ನಿಜ. ನೆನೆಸಿದ ಮೊದಲ ವರ್ಷಗಳಲ್ಲಿ ಹೆಚ್ಚೇ ಬರುತ್ತದೆ, ನೆಲದ ಮೇಲೆ ಆಳವಾಗಿ ನೀರು ನಿಲ್ಲಿಸಿ ಹಸಿರು ಹುಲ್ಲು ಮುಳುಗಿಸಿದರೆ ಇನ್ನೂ ಹೆಚ್ಚು. ಆದರೆ ಮಿಥೇನ್ ಗಾಳಿಯಲ್ಲಿ ಸುಮಾರು ಹನ್ನೆರಡು ವರ್ಷ ಉಳಿದು ಕಡಿಮೆಯಾಗುತ್ತದೆ. ಬಸಿದ ಪೀಟಿನಿಂದ ಬರುವ ಡೈಆಕ್ಸೈಡ್ ಶತಮಾನಗಳ ಕಾಲ ಉಳಿಯುತ್ತದೆ, ಮತ್ತು ಪೀಟ್ ಮುಗಿಯುವ ತನಕ ಪ್ರತಿ ವರ್ಷ ಕೂಡುತ್ತಲೇ ಹೋಗುತ್ತದೆ. ಎರಡನ್ನೂ ತೂಗಿ ನೋಡಿದ ಲೆಕ್ಕಗಳಲ್ಲಿ ಬೇಗ ನೆನೆಸುವುದೇ ಮೇಲು ಅಂತ ಬರುತ್ತದೆ. ಅದಕ್ಕೇ ನೀರಿನ ಮಟ್ಟವನ್ನು ನೆಲದ ಸಮಕ್ಕೆ, ಇಲ್ಲವೇ ಒಂದಿಷ್ಟು ಕೆಳಗೆ ಇಡಬೇಕು ಅನ್ನೋದು. ಕೆರೆ ಮಾಡೋದು ಗುರಿ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ಮೌಲ್ಯಮಾಪನ ಹೇಳೋದು, ಜಗತ್ತಿನ ಪೀಟಿನಲ್ಲಿ ಸುಮಾರು ಶೇ 12 ಕೆಟ್ಟು ಹೋಗಿದೆ, ಅಷ್ಟರಿಂದಲೇ ಮನುಷ್ಯರ ಹಸಿರುಮನೆ ಅನಿಲದ ಸುಮಾರು ಶೇ 4 ಬರುತ್ತಿದೆ. ಇಷ್ಟು ಕಡಿಮೆ ನೆಲ ಸರಿಮಾಡಿ ಇಷ್ಟು ಹೊಗೆ ತಗ್ಗಿಸುವ ದಾರಿ ಬೇರೆ ಎಷ್ಟಿವೆ ಹೇಳಿರಿ.

ಎರಡನೇ ಪ್ರಶ್ನೆಗೆ ಮಣಿಪುರದ ಲೋಕ್ಟಾಕ್ ಸರೋವರವನ್ನೇ ಹೇಳಬೇಕು. ಅಲ್ಲಿ ಫುಮ್ಡಿ ಅಂತ ತೇಲುವ ನೆಲ ಇದೆ. ಸಸ್ಯ, ಬೇರು, ಅರ್ಧ ಕೊಳೆತದ್ದು ಎಲ್ಲಾ ಹೆಣೆದುಕೊಂಡು ದಪ್ಪ ಚಾಪೆಯಾಗಿ ನೀರಿನ ಮೇಲೆ ಇರುತ್ತದೆ. ಅದರ ಮೇಲೆ ಕೈಬುಲ್ ಲಮ್ಜಾವ್ ರಾಷ್ಟ್ರೀಯ ಉದ್ಯಾನ, ಅಲ್ಲಿ ಸಂಗಾಯ್ ಜಿಂಕೆ. ಮೊದಲು ಬೇಸಿಗೆಯಲ್ಲಿ ನೀರು ಇಳಿದಾಗ ಫುಮ್ಡಿ ತಳಕ್ಕೆ ಕೂತು, ಬೇರು ಮಣ್ಣಿಗೆ ತಾಗಿ ಪೋಷಕಾಂಶ ಹೀರಿಕೊಂಡು, ಮಳೆಗಾಲಕ್ಕೆ ಮತ್ತೆ ಮೇಲೇಳುತ್ತಿತ್ತು. 1983ರಲ್ಲಿ ಇಥಾಯ್ ಬ್ಯಾರೇಜ್ ಆದ ಮೇಲೆ ವರ್ಷಪೂರ್ತಿ ನೀರು ಮೇಲೇ. ಫುಮ್ಡಿ ತಳ ಮುಟ್ಟದೆ ತೆಳ್ಳಗಾಯಿತು, ಜಿಂಕೆಯ ಭಾರ ತಡೆಯುವಷ್ಟು ದಪ್ಪ ಉಳಿಯುವುದೇ ಕಷ್ಟವಾಗಿದೆ. ಒಂದೊಂದು ನೆಲಕ್ಕೂ ತನ್ನದೇ ನೀರಿನ ಏರಿಳಿತ ಇರುತ್ತದೆ. ಅದನ್ನು ತಿಳಿಯದೆ ಬಸಿದರೂ ಕೇಡು, ತುಂಬಿಸಿದರೂ ಕೇಡು.

ನಿಮ್ಮ ಆಪಿನ ಮೂಲೆಗೆ ಒಂದು ಸುದ್ದಿ. ಜರ್ಮನಿಯಲ್ಲಿ ಪೀಟ್ ನೆಲ ಬಹುತೇಕ ಬಸಿದುಬಿಟ್ಟಿದ್ದಾರೆ. ಈಗ ಕೆಲವು ಕಡೆ ಮತ್ತೆ ನೆನೆಸಿ, ನೆನೆದ ನೆಲದಲ್ಲೇ ಬೆಳೆಯುವ ಲಾಳದ ಹುಲ್ಲು, ಆಪಿನ ಜಾತಿಯ ಗಿಡ ಬೆಳೆದು ಕೊಯ್ಯುತ್ತಾರೆ. ಹುಲ್ಲು ಮನೆಯ ಚಾವಣಿಗೆ, ಆಪು ಗೋಡೆಗೆ ಶಾಖ ತಡೆಯುವ ಹಲಗೆಗೆ. ಮಾಲ್ಖೀನ್ ಅಂತ ಒಂದು ಸಣ್ಣ ಪಟ್ಟಣದಲ್ಲಿ 2014ರಿಂದ ಅಂಥ ನೆಲದ ಹುಲ್ಲು ಸುಟ್ಟು ಮನೆಗಳಿಗೆ ಬಿಸಿನೀರು ಕೊಡುತ್ತಾರೆ. ರೈತನಿಗೆ ನೆನೆದ ನೆಲದಿಂದಲೂ ಹಣ ಬಂದರೆ ಮಾತ್ರ ಅವನು ಕಾಲುವೆ ಮುಚ್ಚಲು ಒಪ್ಪುತ್ತಾನೆ, ಇದು ಸುಮಾತ್ರಾಕ್ಕೂ ಜರ್ಮನಿಗೂ ಒಂದೇ.

ಸೆಮಿನಾರಿನಲ್ಲಿ ಕಾಂಗೋ ಬಿಡಬೇಡ ಅಂತ ಹೇಳಿರಿ. ಮಧ್ಯ ಆಫ್ರಿಕಾದ ಆ ಜವುಗು ಕಾಡಿನ ಕೆಳಗೆ 1,45,500 ಚದರ ಕಿಲೋಮೀಟರ್ ಪೀಟ್ ಇದೆ, ಅದರಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲ ಇದೆ ಅಂತ 2017ರಲ್ಲಷ್ಟೇ ಅಳೆದು ತೋರಿಸಿದರು. ಅದು ಬಹುಪಾಲು ಇನ್ನೂ ಬಸಿಯದ ನೆಲ. 2022ರಲ್ಲಿ ಅಲ್ಲಿಯ ಡೆಮಾಕ್ರಟಿಕ್ ರಿಪಬ್ಲಿಕ್ ಆಫ್ ಕಾಂಗೋ ದೇಶದ ಸರಕಾರ ಪೀಟ್ ನೆಲವನ್ನೂ ಸೇರಿಸಿ ತೈಲದ ಬ್ಲಾಕ್‌ಗಳನ್ನು ಹರಾಜಿಗಿಟ್ಟಿತು. ಕೆಟ್ಟ ಮೇಲೆ ಗಟ್ಟೆ ಕಟ್ಟುವ ಕಷ್ಟ ಏನು ಅಂತ ನಾನು ನೋಡಿದ್ದೀನಿ. ಅಲ್ಲಿ ಒಂದು ಕಾಲುವೆಯೂ ಬೀಳಬಾರದು.

ಹೊಳಿದಂಡಿ:

ಆತ್ರಿ. ಸೋಮವಾರ ಮೂರೂ ಆಳದ ಮಣ್ಣು ಗೋಕಾಕಕ್ಕ ಕೊಟ್ಟು ಬರತೇನಿ. ಆಪಿನ ಮೂಲಿ ನಕ್ಷೆಯಿಂದ ಬಿಡಸ್ತೇನಿ, ಅಲ್ಲಿ ಪೈಪ್ ಬ್ಯಾಡ. ತೊಳೆಯೂದು ಜುಲೈ-ಆಗಸ್ಟಿಗೆ ಅಂತ ಎಲ್ಲಾರ ಸಹಿ ತಗೋತೇನಿ. ಸಸಿ ಅಕ್ಕಾರ, ಪಾಲಿಹೌಸಿನವರು ನಿಮ್ಮ ನರ್ಸರಿ ನೋಡಾಕ ಬರತೀವಂತಾರ, ಕೋಕೋಪೀಟ್ ತೊಳೆಯೂದನ್ನ ಕಣ್ಣಾರೆ ನೋಡಬೇಕಂತ. ಯಾವ ವಾರ ಬರಬೇಕು ಹೇಳ್ರಿ.

ಸಸಿ ಅಕ್ಕ (ಹುಕ್ಕೇರಿ):

ಮುಂದಿನ ವಾರ ಹೊಸ ಇಟ್ಟಿಗಿ ನೆನೆ ಹಾಕ್ತೀವಿ, ಗುರುವಾರ ಮುಂಜಾನೆ ಬರ್ರಿ. ಇಸಿ ಮೀಟರ್ ಇದ್ರ ತರ್ರಿ. ನಿಮ್ಮ ಊರಿನ ನೀರೂ ಒಂದು ಬಾಟಲಿ ತರ್ರಿ, ತೊಳೆಯೂ ನೀರಿನಾಗನ ಉಪ್ಪಿದ್ರ ಎಷ್ಟು ತೊಳದ್ರೂ ಇಸಿ ಇಳಿಯಂಗಿಲ್ಲ.